ಬಾಟಲಿಯ ಬಳ್ಳಿ, ಬೆಟ್ಟದ ಬಳ್ಳಿ

ಮರದರಿಶಿನದ ಬಳ್ಳಿಗೆ ಕತ್ತಿ ಬಿದ್ದಾಗ ಕಡಿದ ಮೈ ಅಚ್ಚ ಹಳದಿಯಾಗಿ ಕಾಣುತ್ತದೆ. ಆ ಹಳದಿಯೇ ಅದಕ್ಕೆ ಮುಳುವಾಗಿದೆ. ಬಣ್ಣಕ್ಕೂ ಕಹಿಗೂ ಕಾರಣವಾದ ಬರ್ಬೆರಿನ್ ಎಂಬ ಆಲ್ಕಲಾಯ್ಡ್ ಕಾಂಡದಲ್ಲಿಯೂ ಬೇರಿನಲ್ಲಿಯೂ ಇರುವುದರಿಂದ, ಎಲೆ ಕೊಯ್ದು ಕಾಯಿ ಹೆಕ್ಕಿ ಬಿಡುವಂತಿಲ್ಲ. ಬುಡಕ್ಕೇ ಕೈ ಹಾಕಬೇಕು. ಆಯುರ್ವೇದದ ದಾರುಹರಿದ್ರಾ ಹಿಮಾಲಯದ ಒಂದು ಮುಳ್ಳುಪೊದೆ. ದಕ್ಷಿಣದ ಔಷಧಿ ಪೇಟೆಯಲ್ಲಿ ಅದರ ಜಾಗವನ್ನು ತುಂಬುತ್ತ ಬಂದಿರುವುದು ಪಶ್ಚಿಮ ಘಟ್ಟದ ಈ ಬಳ್ಳಿ. ಕಾಮಾಲೆಗೋ ಹಳೆಯ ಗಾಯಕ್ಕೋ ಒಂದು ಚಕ್ಕೆ ಕೆತ್ತಿ ತರುತ್ತಿದ್ದ ನಾಟಿ ವೈದ್ಯರಿಂದ ಅದಕ್ಕೆ ಕೇಡಾಗಿರಲಿಲ್ಲ. ಕೇಡು ಬಂದದ್ದು ಹೊರೆಗಟ್ಟಲೆ ಕೇಳುವ ಪೇಟೆಯಿಂದ. ದಕ್ಷಿಣ ಭಾರತದ ಔಷಧಿ ಸಸ್ಯಗಳ ಸ್ಥಿತಿಗತಿಯನ್ನು ಪರಿಶೀಲಿಸಿದ ತಜ್ಞರು ಇದನ್ನು ತೀವ್ರವಾಗಿ ಅಳಿವಿನಂಚಿಗೆ ಬಂದ ಸಸ್ಯಗಳ ಸಾಲಿಗೆ ಸೇರಿಸಿದ್ದಾರೆ.

ಇದರ ಬೀಜ ಮೊಳೆಯುವುದು ಬಹು ನಿಧಾನ. ತುಂಡು ನೆಟ್ಟರೂ ಸುಲಭವಾಗಿ ಬೇರೊಡೆಯುವುದಿಲ್ಲ. ಹೀಗಾಗಿ ಅಂಗಾಂಶ ಕೃಷಿಯೊಂದೇ ದಾರಿಯೆಂಬ ಮಾತು ಗೋಷ್ಠಿಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಮಾತು ಸುಳ್ಳಲ್ಲ, ಪೂರ್ತಿಯೂ ಅಲ್ಲ.

ಸಸ್ಯದ ಒಂದೊಂದು ಜೀವಕೋಶಕ್ಕೂ ಇಡೀ ಗಿಡವಾಗುವ ಶಕ್ತಿಯಿರಬೇಕೆಂದು ಆಸ್ಟ್ರಿಯಾದ ವಿಜ್ಞಾನಿ ಹಾಬರ್‌ಲಾಂಟ್ 1902ರಲ್ಲಿಯೇ ಊಹಿಸಿದ್ದರು. ಅವರ ಪ್ರಯೋಗ ಫಲಿಸಲಿಲ್ಲ. ಕೋಶವನ್ನು ಎಬ್ಬಿಸುವ ಚೋದಕಗಳ ಅರಿವು ಆಗ ಇರಲಿಲ್ಲ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್ ತಂಬಾಕಿನ ಕಾಂಡದ ತಿರುಳಿನ ಮೇಲೆ ನಡೆಸಿದ ಪ್ರಯೋಗದಿಂದ ಗುಟ್ಟು ಬಯಲಾಯಿತು. ಆಕ್ಸಿನ್ ಮೇಲುಗೈಯಾದರೆ ಬೇರು, ಸೈಟೊಕೈನಿನ್ ಮೇಲುಗೈಯಾದರೆ ಚಿಗುರು. ಎರಡೂ ಸರಿತೂಗಿದರೆ ಬೇರೂ ಅಲ್ಲದ ಚಿಗುರೂ ಅಲ್ಲದ ಕೋಶಗಳ ಮುದ್ದೆ. ಈ ಮುದ್ದೆಯೇ ಕ್ಯಾಲಸ್. 1962ರಲ್ಲಿ ಮುರಾಶಿಗೆ ಮತ್ತು ಸ್ಕೂಗ್ ರೂಪಿಸಿದ ಪೋಷಕ ಮಾಧ್ಯಮ ಇಂದಿಗೂ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ಅದಕ್ಕೆ ಬೆರೆಸುವ ಚೋದಕದ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ ಕೆಲವೇ ಮಿಲಿಗ್ರಾಂ. ಕಳೆ ಸಾಯಿಸಲು ಸಿಂಪಡಿಸುವ 2,4-ಡಿ ಕೂಡ ಒಂದು ಕೃತಕ ಆಕ್ಸಿನ್ ಎಂಬುದನ್ನು ಕೃಷಿಕರು ನೆನಪಿಡುವುದು ಒಳ್ಳೆಯದು. ಬಾಟಲಿಯಲ್ಲಿ ಕಿಂಚಿತ್ತು ಬಿದ್ದರೆ ಅದು ಕೋಶಗಳನ್ನು ಹೆಚ್ಚಿಸುತ್ತದೆ. ಹೊಲದಲ್ಲಿ ಹೆಚ್ಚು ಬಿದ್ದರೆ ಅಗಲೆಲೆಯ ಗಿಡಗಳನ್ನು ಮುರುಟಿಸಿ ಕೊಲ್ಲುತ್ತದೆ.

ಬಾಳೆಯಲ್ಲಿ ಈ ವಿದ್ಯೆ ಗೆದ್ದಿದೆ. ಜಿ-9 ಸಸಿಗಳನ್ನು ನೋಡದ ಊರು ಕಡಿಮೆ. ಆದರೆ ಬಾಳೆಯ ಕಂದಿನ ಕುಡಿಯೇ ಬೇರೆ, ಕಾಡಿನ ಮುದಿ ಬಳ್ಳಿಯ ಚಿಗುರೇ ಬೇರೆ. ಮಳೆಕಾಡಿನಿಂದ ತಂದ ತುಂಡಿನ ಒಳಗೂ ಹೊರಗೂ ಶಿಲೀಂಧ್ರ, ಬ್ಯಾಕ್ಟೀರಿಯಾ ನೆಲೆಸಿರುತ್ತವೆ. ಕತ್ತರಿಸಿದ ಗಾಯದಿಂದ ಒಸರುವ ಫೀನಾಲುಗಳು ಮಾಧ್ಯಮವನ್ನು ಕಂದಾಗಿಸಿ ಚಿಗುರನ್ನೇ ಕೊಲ್ಲುತ್ತವೆ. ಅವಸರಕ್ಕೆ ಕ್ಯಾಲಸ್‌ನ ದಾರಿ ಹಿಡಿದರೆ ಸಸಿಗಳ ಗುಣ ತಾಯಿಯಿಂದ ಬೇರೆಯಾಗುವ ಸಂಭವವುಂಟು. ಬಾಳೆಯಲ್ಲಿ ಅದು ಗೊನೆಯಲ್ಲಿ ಕಾಣುತ್ತದೆ. ಔಷಧಿ ಸಸ್ಯದಲ್ಲಿ ಬರ್ಬೆರಿನ್ ಕಡಿಮೆಯಾದರೆ ಕಣ್ಣಿಗೆ ಕಾಣುವುದಿಲ್ಲ. ಅಂಗಾಂಶ ಕೃಷಿಯ ಸಸಿಗಳಿಗೆ ನಂಜುರೋಗವಿಲ್ಲವೆಂದೂ ತಾಯಿಯ ಗುಣ ಉಳಿದಿದೆಯೆಂದೂ ಪರೀಕ್ಷಿಸಿ ದೃಢೀಕರಿಸುವ ವ್ಯವಸ್ಥೆಯನ್ನು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಆರಂಭಿಸಿತು. ಸಸಿ ಕೊಳ್ಳುವವರು ಆ ಪತ್ರವನ್ನು ಕೇಳಿ ಪಡೆಯಬೇಕು.

ಬೇರು ಬಂದ ಮೇಲೂ ಕಷ್ಟ ಮುಗಿಯುವುದಿಲ್ಲ. ಬಾಟಲಿಯ ತೇವದಲ್ಲಿ ಬೆಳೆದ ಎಲೆಗೆ ಮೇಣದ ಹೊದಿಕೆ ತೆಳು. ಪತ್ರರಂಧ್ರಗಳು ಬೇಕಾದಾಗ ಮುಚ್ಚಿಕೊಳ್ಳುವುದನ್ನು ಕಲಿತಿರುವುದಿಲ್ಲ. ಅಂಥ ಸಸಿಯನ್ನು ನೇರವಾಗಿ ಗಾಳಿಗೊಡ್ಡಿದರೆ ಸಂಜೆಯೊಳಗೆ ಬಾಡುತ್ತದೆ. ನೆರಳು ಬಲೆಯಡಿ ವಾರಗಟ್ಟಲೆ ಹದಗೊಳಿಸುವ ಕೆಲಸವನ್ನು ಪೇಟೆಯ ಪ್ರಯೋಗಾಲಯಕ್ಕಿಂತ ಘಟ್ಟದ ಮೇಲಿನ ಊರಿನ ಸಸ್ಯಪಾಲನಾ ಕೇಂದ್ರವೇ ಚೆನ್ನಾಗಿ ಮಾಡೀತು. ಅಲ್ಲಿನ ಮಹಿಳಾ ಸಂಘಗಳಿಗೆ ಆ ಕೆಲಸವೂ ಅದರ ಕೂಲಿಯೂ ಸಲ್ಲಬೇಕು.

ಇಷ್ಟೆಲ್ಲ ಸರಿಹೋದರೂ ಉಳಿಯುವ ಪ್ರಶ್ನೆಯೊಂದಿದೆ. ಅದನ್ನು ಕೇಳುವವರು ವಿರಳ. ಮರದರಿಶಿನದಲ್ಲಿ ಗಂಡು ಬಳ್ಳಿಯೇ ಬೇರೆ, ಹೆಣ್ಣು ಬಳ್ಳಿಯೇ ಬೇರೆ. ಒಂದೇ ತಾಯಿಬಳ್ಳಿಯ ಕುಡಿಯಿಂದ ಹತ್ತು ಸಾವಿರ ಸಸಿ ತೆಗೆದರೆ ಹತ್ತು ಸಾವಿರವೂ ಒಂದೇ ಲಿಂಗದವು. ಅವುಗಳನ್ನು ಖಾಲಿಯಾದ ಬೆಟ್ಟದಲ್ಲಿ ನೆಟ್ಟು ವನೀಕರಣವಾಯಿತೆಂದು ವರದಿ ಬರೆಯಬಹುದು; ಆ ಬೆಟ್ಟದಲ್ಲಿ ಒಂದು ಹಣ್ಣೂ ಆಗದು. ಬಳ್ಳಿ ಬಲಿತು ಹೂ ಬಿಡುವ ತನಕ ಲಿಂಗ ತಿಳಿಯದ ಕಾರಣ, ತಪ್ಪು ಗೊತ್ತಾಗುವ ಹೊತ್ತಿಗೆ ವರದಿ ಬರೆದವರು ನಿವೃತ್ತರಾಗಿರುತ್ತಾರೆ. ಪೇಟೆಗೆ ಕಾಂಡ ಒದಗಿಸುವ ತೋಟಕ್ಕೆ ಒಂದೇ ತಾಯಿ ಸಾಕು. ಕಾಡಿಗೆ ಹಿಂದಿರುಗಿಸುವ ಸಸಿಗೆ ಬೇರೆ ಬೇರೆ ಕಣಿವೆಗಳ ಹಲವು ತಾಯಿಗಳು ಬೇಕು, ಗಂಡೂ ಬೇಕು. ಎರಡು ಉದ್ದೇಶಗಳನ್ನೂ ಒಂದೇ ಯೋಜನೆಯಲ್ಲಿ ಬೆರೆಸಿರುವುದೇ ಗೊಂದಲದ ಮೂಲ.

ತೋಟದ ಬಳ್ಳಿಗೂ ಒಂದು ಅಪಾಯ ಅಂಟಿಕೊಂಡಿದೆ. 2002ರ ಜೀವವೈವಿಧ್ಯ ಕಾಯ್ದೆಗೆ 2023ರಲ್ಲಿ ತಂದ ತಿದ್ದುಪಡಿಯು ಬೆಳೆಸಿದ ಔಷಧಿ ಸಸ್ಯಗಳಿಗೆ ವಿನಾಯಿತಿ ನೀಡಿದೆ. ಬೆಳೆಗಾರನಿಗೆ ಇದು ಅನುಕೂಲವೇ. ಆದರೆ ಕಾಡಿನಲ್ಲಿ ಕದ್ದು ಕಡಿದ ಕಾಂಡಕ್ಕೂ ತೋಟದ ಕಾಂಡಕ್ಕೂ ನೋಟದಲ್ಲಿ ವ್ಯತ್ಯಾಸವಿಲ್ಲ. ನಾಲ್ಕು ಬಾಟಲಿ ಸಸಿ ನೆಟ್ಟು, ನಲವತ್ತು ಹೊರೆ ಕಾಡಿನ ಮಾಲನ್ನು ಅದರ ಹೆಸರಿನಲ್ಲಿ ಸಾಗಿಸುವವರಿಗೆ ಬಾಗಿಲು ತೆರೆದಂತಾಗಬಾರದು. ಬೆಳೆಸಿದ್ದೆಂಬ ಮೂಲಪತ್ರ ನೀಡಬೇಕಾದುದು ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿ. ಕಾಗದದ ಮೇಲೆ ಮಾತ್ರ ಇರುವ ಸಮಿತಿ ಎಂತಹ ಪತ್ರ ಕೊಟ್ಟೀತೆಂಬುದನ್ನು ಆಯಾ ಪಂಚಾಯಿತಿಯವರೇ ಯೋಚಿಸಬೇಕು. ಯಾರ ಸೊಪ್ಪಿನಬೆಟ್ಟದಲ್ಲಿ ಯಾವ ವರ್ಷ ಎಷ್ಟು ಸಸಿ ನೆಡಲಾಯಿತು, ಎಷ್ಟು ಬದುಕಿದವು ಎಂಬ ಪುಸ್ತಕವನ್ನು ಸಮಿತಿ ನೆಟ್ಟ ದಿನದಿಂದಲೇ ಇಡದಿದ್ದರೆ, ಕಟಾವಿನ ದಿನ ಹೇಳಿದ್ದೇ ಲೆಕ್ಕವಾಗುತ್ತದೆ.

ಪ್ರಯೋಗಾಲಯಕ್ಕೆ ಕುಡಿ ಕಳಿಸುವ ಮುನ್ನ ಊರಿನಲ್ಲಿಯೇ ಆಗಬೇಕಾದ ಕೆಲಸವೊಂದಿದೆ. ಯಾವ ಹಳ್ಳದ ಬಳ್ಳಿ ಹಣ್ಣು ಬಿಡುತ್ತದೆ, ಯಾವುದು ಬರಿದೆ ಹೂ ಬಿಟ್ಟು ಉದುರಿಸುತ್ತದೆ ಎಂಬುದು ಜೇನು, ವಾಟೆಹುಳಿಗೆಂದು ಕಾಡು ಸುತ್ತುವವರಿಗೆ ತಿಳಿದಿದೆ. ಹಣ್ಣಾದದ್ದು ಹೆಣ್ಣು. ಹಣ್ಣಾಗದ್ದು ಗಂಡಾಗಿರಬಹುದು, ಸುತ್ತ ಗಂಡು ಉಳಿಯದೆ ಒಂಟಿಯಾದ ಹೆಣ್ಣೂ ಆಗಿರಬಹುದು. ಹೂವನ್ನೇ ಬಿಡಿಸಿ ನೋಡಬೇಕು. ಕಾಲೇಜಿನ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಅಂಥ ಹಿರಿಯರೊಡನೆ ಒಂದು ಹೂವಿನ ಕಾಲ ತಿರುಗಿದರೆ ಪ್ರತಿ ಪಂಚಾಯಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ತಾಯಿಬಳ್ಳಿಗಳ ಪಟ್ಟಿ ಸಿದ್ಧವಾಗುತ್ತದೆ. ಪಟ್ಟಿಯಲ್ಲಿ ಬಳ್ಳಿಯ ಲಿಂಗವೂ ಅದನ್ನು ತೋರಿಸಿಕೊಟ್ಟವರ ಹೆಸರೂ ಇರಲಿ. ಬಳ್ಳಿ ನಿಂತಿರುವ ನಿಖರ ಜಾಗ ಮಾತ್ರ ಸಮಿತಿಯ ಬಳಿಯೇ ಉಳಿಯಲಿ. ಕತ್ತಿ ಹಿಡಿದವರೂ ಪಟ್ಟಿ ಓದಬಲ್ಲರು.