ಬಟ್ಟೆ ಕಸವಲ್ಲ ಸ್ವಾಮಿ!

ಬೆಳಗ್ಗೆ ಏಳೂವರೆ. ದಾವಣಗೆರೆಯ ಚೌಕಿಪೇಟೆಯಲ್ಲಿ ಅಂಗಡಿಗಳ ಬಾಗಿಲು ಇನ್ನೂ ತೆರೆದಿಲ್ಲ. ಕಸದ ಗಾಡಿಯ ಪಕ್ಕದಲ್ಲಿ ಪೌರಕಾರ್ಮಿಕ ಹೆಣ್ಣುಮಗಳೊಬ್ಬಳು ಒಂದು ಮೂಟೆ ಎಳೆಯುತ್ತಾಳೆ. ಜಪ್ಪಯ್ಯ ಎಂದರೂ ಬರುವುದಿಲ್ಲ. ಬಿಚ್ಚಿ ನೋಡಿದರೆ ಎರಡು ಸೀರೆ, ನಾಲ್ಕು ಪ್ಯಾಂಟು, ಒಂದು ಜೊತೆ ಸ್ಕೂಲ್ ಯೂನಿಫಾರಂ. ಅದರ ಮೇಲೆ ಯಾರೋ ಸುರಿದ ನಿನ್ನೆಯ ಸಾರು!

"ಒಣಗಿದ್ರೆ ನಾಲ್ಕು ಮಂದಿ ಕೇಳಿ ಒಯ್ತಿದ್ರಣ್ಣಾ, ಈಗ ಯಾರ್ ಮುಟ್ತಾರೆ?" ಎಂದು ಚಹಾದಂಗಡಿಯವನಿಗೆ ಹೇಳಿ, ಮೂಟೆಯನ್ನು ಗಾಡಿಗೆ ಹಾಕುತ್ತಾಳೆ. ಅಲ್ಲಿಗೆ ಆ ಬಟ್ಟೆಯ ಕಥೆ ಮುಗಿಯಿತು.

ಇದು ಯಾವ ಊರು? ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರು ಪಡೆದಿದ್ದ ಊರು! ಎಳೆ ಎಳೆಯ ಬೆಲೆ ಬಲ್ಲ ಜನ ಇಲ್ಲಿದ್ದರು. ಆ ಗಿರಣಿಗಳು ಬಾಗಿಲು ಹಾಕಿದವು. ಬಟ್ಟೆ ನೇಯುತ್ತಿದ್ದ ಊರು ಈಗ ಬಟ್ಟೆ ಬಿಸಾಡುತ್ತಿದೆ.

ಹಿಂದೆ ಮನೆಯಲ್ಲಿ ಹರಿದ ಸೀರೆಗೆ ಹತ್ತು ಕೆಲಸವಿತ್ತು. ಮೊದಲು ಕೂಸಿನ ತೊಟ್ಟಿಲಿಗೆ, ಆಮೇಲೆ ಕೌದಿಗೆ, ಉಳಿದ ಚೂರು ಒಲೆ ಹತ್ತಿರದ ಮಸಿ ಅರಿವೆಗೆ. ಅದೂ ಬೇಡವಾದರೆ ಓಣಿಗೆ ಬರುವ ಪಾತ್ರೆಯವಳ ಜೊತೆ ಅರ್ಧ ಗಂಟೆ ಚೌಕಾಸಿ, ಕೈಗೆ ಒಂದು ಸ್ಟೀಲ್ ಡಬ್ಬಿ! ಹಳೇ ಬಟ್ಟೆಯನ್ನು ತಿಪ್ಪೆಗೆ ಎಸೆದರೆ ಮನೆಯ ಹಿರಿಯರು ಬೈಯುತ್ತಿದ್ದರು. ಇವತ್ತು ಮಗಳ ಡ್ರೆಸ್ಸು ಎರಡು ಹಬ್ಬ ಕಂಡರೆ ಹೆಚ್ಚು. ಹೊಸದಕ್ಕೆ ಬೀರುವಿನಲ್ಲಿ ಜಾಗ ಬೇಕು, ಹಳೆಯದು ಬೀದಿಗೆ.

ಬಟ್ಟೆಯೂ ಮೊದಲಿನದಲ್ಲ. ಹತ್ತಿಯಾದರೆ ಮಣ್ಣಿನಲ್ಲಿ ಕೆಲವು ತಿಂಗಳಲ್ಲಿ ಕೊಳೆಯುತ್ತದೆ. ಪಾಲಿಸ್ಟರ್ ಹುಟ್ಟುವುದು ಪೆಟ್ರೋಲಿಯಂನಿಂದ. ಅದು ಪ್ಲಾಸ್ಟಿಕ್ಕಿನ ತಮ್ಮ. ಹೂತರೆ ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ, ಸುಟ್ಟರೆ ವಿಷದ ಹೊಗೆ. ಹತ್ತಿಯೇನು ಸಾಚಾ ಅಲ್ಲ. ಕಸದ ಗುಡ್ಡದಡಿ ಗಾಳಿಯಾಡದೆ ಕೊಳೆತರೆ ಮೀಥೇನ್ ಅನಿಲ ಬಿಡುತ್ತದೆ. ಗುಡ್ಡಕ್ಕೆ ಬೆಂಕಿ ಬಿದ್ದರೆ ಆರಿಸಲು ಕಷ್ಟವಾಗುವುದು ಇಂಥ ಅನಿಲದಿಂದಲೇ.

ಗುಡ್ಡ ಬೆಳೆದರೆ ಯಾರಿಗೆ ನಷ್ಟ? ಪೇಟೆಯವರಿಗಲ್ಲ, ಪಕ್ಕದ ಹಳ್ಳಿಯವರಿಗೆ. ಬೆಂಗಳೂರಿನ ಕಸ ಹೊತ್ತು ಬೇಸತ್ತ ಮಂಡೂರಿನ ಜನ 2014ರಲ್ಲಿ ಬೀದಿಗಿಳಿದ ಮೇಲೆಯೇ ಅಲ್ಲಿಗೆ ಲಾರಿ ಹೋಗುವುದು ನಿಂತದ್ದು. ಪ್ರತಿ ಊರಿಗೂ ಒಂದು ಮಂಡೂರು ಬೇಕೇ?

"ಬಿಸಾಡೋದ್ಯಾಕ್ರಿ, ದಾನ ಮಾಡಿದ್ರಾಯ್ತು" ಎನ್ನುವವರಿದ್ದಾರೆ. ಒಳ್ಳೆಯದೇ. ಆದರೆ ಗುಂಡಿಯಿಲ್ಲದ ಅಂಗಿ, ಜಿಪ್ಪು ಕಿತ್ತ ಪ್ಯಾಂಟು ದಾನವಲ್ಲ, ಕಸದ ವರ್ಗಾವಣೆ! 2018ರಲ್ಲಿ ಕೊಡಗಿಗೆ ನೆರೆ ಬಂದಾಗ ಹಳೇ ಬಟ್ಟೆ ಕಳಿಸಬೇಡಿ ಎಂದು ಕೈಮುಗಿದು ಕೇಳಬೇಕಾಯಿತು. ಮನೆ ಕಳೆದುಕೊಂಡವರಿಗೂ ಮಾನವಿದೆ. ಒಗೆದು, ಮಡಚಿ, ತಾವೇ ಉಡಬಹುದು ಎನಿಸಿದ್ದನ್ನು ಮಾತ್ರ ಕೊಡಬೇಕು.

ಉಳಿದದ್ದಕ್ಕೆ ದಾರಿ ಇಲ್ಲವೇ? ಧಾರಾಳವಾಗಿ ಇದೆ. ಹರಿಯಾಣದ ಪಾಣಿಪತ್ ಎಂದರೆ ಶಾಲೆಯಲ್ಲಿ ಓದಿದ ಯುದ್ಧ ನೆನಪಾಗುತ್ತದೆ. ಇವತ್ತು ಆ ಊರು ಹಳೇ ಉಣ್ಣೆ ಬಟ್ಟೆಯನ್ನು ಬಣ್ಣ ಬಣ್ಣಕ್ಕೆ ವಿಂಗಡಿಸಿ, ಚಿಂದಿ ಮಾಡಿ, ಮತ್ತೆ ನೂಲು ತೆಗೆದು ಕಂಬಳಿ ನೇಯುತ್ತದೆ. ಅಷ್ಟು ದೂರ ಬೇಡ. ಹಳಿಯಾಳ, ಯಲ್ಲಾಪುರದ ಸಿದ್ದಿ ಹೆಣ್ಣುಮಕ್ಕಳು ಹಳೇ ಬಟ್ಟೆಯ ಚೂರಿನಿಂದ ಹೊಲಿಯುವ ಕವಂದಿ ವಿದೇಶದ ಪ್ರದರ್ಶನದಲ್ಲೂ ನೇತಾಡಿದೆ. ಯೂರೋಪ್ ಒಕ್ಕೂಟದ ದೇಶಗಳಲ್ಲಿ 2025ರ ಜನವರಿ 1ರಿಂದ ಹಳೇ ಬಟ್ಟೆಯನ್ನು ಬೇರೆಯಾಗಿಯೇ ಸಂಗ್ರಹಿಸಬೇಕೆಂಬ ಕಟ್ಟಳೆ ಬಂದಿದೆ.

ಇಲ್ಲಿ ಕೋಟಿಗಟ್ಟಲೆ ಯೋಜನೆ ಬೇಕಿಲ್ಲ, ಬಟ್ಟೆ ಒಣಗಿರಬೇಕು ಅಷ್ಟೆ. ಗುಟ್ಟೆಲ್ಲ ಇರುವುದು ಅಲ್ಲೇ. ಒಣ ಹತ್ತಿ ಬಟ್ಟೆ ಗ್ಯಾರೇಜಿನವನಿಗೆ ಬೇಕು, ಗ್ರೀಸು ಒರೆಸಲು. ಪಾಲಿಸ್ಟರ್ ಕೌದಿಗೆ ಬರುತ್ತದೆ. ದರ್ಜಿ ಅಂಗಡಿಯ ಕತ್ತರಿಸಿದ ಚೂರು ದಿಂಬಿಗೆ ಬರುತ್ತದೆ. ಸಾರಿನಲ್ಲಿ ನೆಂದದ್ದು ಮಾತ್ರ ಯಾರಿಗೂ ಬೇಡ. ಹಸಿ ಬೇರೆ, ಒಣ ಬೇರೆ ಎಂದು ಕೇಂದ್ರದ ನಿಯಮ 2016ರಲ್ಲೇ ಹೇಳಿದೆ. ಬಟ್ಟೆ ಒಣಕಸದ ಕಡೆಗೆ ಸೇರಿದ್ದು. ಹೇಳಿದ್ದನ್ನು ಕೇಳುವವರು ಯಾರು?

ಪಾಲಿಕೆಯವರು ತಿಂಗಳಿಗೊಂದು ಭಾನುವಾರವನ್ನು "ಬಟ್ಟೆ ದಿನ" ಮಾಡಲಿ. ಅಂದು ಗಾಡಿ ಬಟ್ಟೆಗೆ ಮಾತ್ರ ಬರಲಿ. ವಾರ್ಡಿಗೊಂದು ಕೋಣೆ ಕೊಟ್ಟು, ಕೌದಿ ಹೊಲಿಯಬಲ್ಲ ಹೆಣ್ಣುಮಕ್ಕಳ ಸ್ವಸಹಾಯ ಸಂಘಕ್ಕೆ ವಿಂಗಡಿಸುವ ಕೆಲಸ ವಹಿಸಲಿ, ಕೂಲಿಯನ್ನೂ ಕೊಡಲಿ. ಬಟ್ಟೆ ವ್ಯಾಪಾರಿಗಳು ಅಂಗಡಿ ಮುಂದೆ ಒಂದು ಪೆಟ್ಟಿಗೆ ಇಟ್ಟು, ಹಳೆಯದು ತಂದವರಿಗೆ ಹತ್ತು ರೂಪಾಯಿ ಸೋಡಿ ಬಿಡಲಿ. ಗಿರಾಕಿಯೂ ಬಂದ, ಪುಣ್ಯವೂ ಬಂತು!

ಮನೆಯವರ ಕೆಲಸ ಎಲ್ಲಕ್ಕಿಂತ ಸುಲಭ. ಹೊಸದು ಕೊಳ್ಳುವ ಮುಂಚೆ ಒಮ್ಮೆ ಬೀರು ತೆರೆದು ನೋಡುವುದು, ಗುಂಡಿ ಹೋಗಿದ್ದರೆ ಹಾಕಿಸುವುದು, ಹಳೆಯದನ್ನು ಬೇರೆ ಚೀಲದಲ್ಲಿ ಇಡುವುದು.

ನಾಳೆ ಬೆಳಗ್ಗೆಯೂ ಚೌಕಿಪೇಟೆಗೆ ಗಾಡಿ ಬರುತ್ತದೆ. ಆ ಹೆಣ್ಣುಮಗಳ ಕೈಗೆ ಒಣ ಬಟ್ಟೆಯ ಗಂಟು ಸಿಕ್ಕೀತೇ, ಇಲ್ಲಾ ಮತ್ತೆ ಸಾರಿನ ಮೂಟೆಯೇ? ಊರಿನ ಮಹಾಜನರೇ ಉತ್ತರ ಹೇಳಬೇಕು.