ನೀರೆತ್ತುವ ಲೆಕ್ಕ

ದ್ರವ್ಯರಾಶಿ, ಗುರುತ್ವ, ಎತ್ತರಗಳ ಗುಣಲಬ್ಧವೇ ಪ್ರಚ್ಛನ್ನ ಶಕ್ತಿಯೆಂದು 30 ವರ್ಷ ಮಕ್ಕಳಿಗೆ ಕಲಿಸಿದವನು ನಾನು. ಬೆಂಗಳೂರು ಆ ಪಾಠವನ್ನು ಮರೆತಿದೆ. 1974ರಿಂದ ಕಾವೇರಿಯ ನೀರನ್ನು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರಕ್ಕೆ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳು ಏರಿಸುತ್ತಿವೆ. 1000 ಲೀಟರನ್ನು ಅಷ್ಟು ಎತ್ತಲು 49 ಲಕ್ಷ ಜೂಲ್, ಅಂದರೆ 1.36 ಯೂನಿಟ್ ಬೇಕು. ಪಂಪು, ಮೋಟಾರುಗಳ ಒಟ್ಟು ದಕ್ಷತೆ ಶೇ. 75 ಎಂದುಕೊಂಡರೆ 1.8 ಯೂನಿಟ್. ದಾರಿಯಲ್ಲಿ ಸೋರಿಹೋಗುವ ನೀರಿಗೂ ಈ ತೆರಿಗೆ ತಪ್ಪದು!

“ದಕ್ಷ ಪಂಪು ತಂದರಾಯಿತು” ಎನ್ನುವವರಿಗೆ ನನ್ನ ಉತ್ತರವಿಷ್ಟೇ: ಎಂತಹ ಪಂಪೂ ಆ 1.36ನ್ನು ತಗ್ಗಿಸಲಾರದು. ನಮ್ಮ ಮಾಳಿಗೆಯ ಮೇಲೆ ಬೀಳುವ ಮಳೆಯಾದರೋ ಆ ಎತ್ತರವನ್ನು ಬಿಟ್ಟಿಯಾಗಿ ಏರಿ ಬಂದಿರುತ್ತದೆ. ಅದನ್ನು ಚರಂಡಿಗೆ ಬಿಟ್ಟು, ಕೆರೆಗಳನ್ನು ಮುಚ್ಚಿ, ನದಿಯನ್ನು ಬೆಟ್ಟ ಹತ್ತಿಸುವುದು ಅಭಿವೃದ್ಧಿಯಲ್ಲ; ಲೆಕ್ಕದಲ್ಲಿ ಅನುತ್ತೀರ್ಣರಾದುದರ ಕುರುಹು.