ಸೋಲಾರ್ ಬೇಲಿ ಕೊಲ್ಲುವುದಿಲ್ಲ, ಏಕೆ?

ಮನೆಯ ತಂತಿಯಲ್ಲಿರುವುದು 230 ವೋಲ್ಟ್. ಮುಟ್ಟಿದರೆ ಜೀವ ಹೋಗಬಹುದು. ಮಲೆನಾಡಿನವರು ‘ಐಬೆಕ್ಸ್’ ಎಂದೇ ಕರೆಯುವ ಸೋಲಾರ್ ಬೇಲಿಯಲ್ಲಿ ಐದಾರು ಸಾವಿರ ವೋಲ್ಟ್ ಇರುತ್ತದೆ. ಅದಕ್ಕೆ ಮೂತಿ ತಾಗಿಸಿದ ದನ ಬೆಚ್ಚಿ ಹಿಂದೆ ಸರಿಯುತ್ತದೆ, ಅಷ್ಟೆ. ಇದೆಂಥ ವಿಚಿತ್ರ?

ಗುಟ್ಟು ಇರುವುದು ಸಮಯದಲ್ಲಿ. ಸೋಲಾರ್ ಫಲಕ 12 ವೋಲ್ಟಿನ ಬ್ಯಾಟರಿಯನ್ನು ತುಂಬುತ್ತದೆ. ಬೇಲಿಯ ಯಂತ್ರ ಆ ಶಕ್ತಿಯನ್ನು ಕೆಪ್ಯಾಸಿಟರಿನಲ್ಲಿ ಕೂಡಿಟ್ಟು, ಸುಮಾರು ಸೆಕೆಂಡಿಗೊಮ್ಮೆ ತಂತಿಗೆ ಬಿಡುತ್ತದೆ. ಪ್ರತಿ ಹೊಡೆತ ಸಾಮಾನ್ಯವಾಗಿ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ಇರುತ್ತದೆ. ಎರಡು ಹೊಡೆತಗಳ ನಡುವೆ ತಂತಿಯನ್ನು ಬಿಟ್ಟು ಸರಿಯಲು ಬಿಡುವು ಸಿಗುತ್ತದೆ. ಮನೆಯ ವಿದ್ಯುತ್ತಿಗೆ ಈ ಬಿಡುವಿಲ್ಲ. ಅದು ಸ್ನಾಯುಗಳನ್ನು ಬಿಗಿಗೊಳಿಸುತ್ತದೆ. ಹಿಡಿದ ಕೈ ಬಿಡಲಾಗುವುದಿಲ್ಲ, ಹೃದಯದ ಬಡಿತ ತಪ್ಪುತ್ತದೆ.

ಸಣ್ಣ ಹಿಡುವಳಿಯಲ್ಲಿ ಪಳಗಿದ ದನಗಳಿಗೆ ಎರಡೆಳೆ ತಂತಿ ಸಾಕು. ಒಂದು ಎಳೆ ಅವುಗಳ ಮೂತಿಯ ಎತ್ತರಕ್ಕಿರಲಿ. ತಂತಿಯಲ್ಲಿ ಕುಳಿತ ಹಕ್ಕಿಗೆ ಶಾಕ್ ಹೊಡೆಯದು. ನೆಲದ ಮೇಲೆ ನಿಂತ ದನಕ್ಕೆ ಹೊಡೆಯುತ್ತದೆ. ಏಕೆಂದರೆ ವಿದ್ಯುತ್ತು ದನದ ಮೈಯಿಂದ ಮಣ್ಣಿಗಿಳಿದು ಯಂತ್ರಕ್ಕೆ ಮರಳಬೇಕು. ಆದ್ದರಿಂದ ಅರ್ಥಿಂಗ್ ಕೊಳವೆಗಳನ್ನು ತೇವವಿರುವ ಜಾಗದಲ್ಲಿ ಆಳಕ್ಕೆ ಹೂಳಬೇಕು. ಬೇಸಿಗೆಯಲ್ಲಿ ಅಲ್ಲಿಗೆ ನೀರು ಹಾಕಬೇಕು. ತಂತಿಗೆ ತಾಗುವ ಕಳೆ, ಬಳ್ಳಿಗಳನ್ನು ಸವರಬೇಕು. ಮುಳ್ಳುತಂತಿಗೆ ಮಾತ್ರ ಇದನ್ನು ಜೋಡಿಸಬಾರದು; ಸಿಕ್ಕಿಕೊಂಡ ಪ್ರಾಣಿಗೆ ಬಿಡಿಸಿಕೊಳ್ಳಲಾಗದೆ ಮತ್ತೆ ಮತ್ತೆ ಹೊಡೆತ ಬೀಳುತ್ತದೆ.

ಯಂತ್ರದ ಖರ್ಚು ಉಳಿಸಲು ಕೆಲವರು ಪಂಪ್‌ಸೆಟ್ಟಿನ ಲೈನಿನಿಂದಲೇ ಬೇಲಿಗೆ ತಂತಿ ಎಳೆಯುತ್ತಾರೆ. ನೋಡಲು ಎರಡೂ ಬೇಲಿ ಒಂದೇ. ಆದರೆ ಈ ಬೇಲಿಗೆ ಆನೆಯೂ ಒಂದೇ, ಚೆಂಡು ಹೆಕ್ಕಲು ಬಂದ ಮಗುವೂ ಒಂದೇ. ರಾತ್ರಿ ನೀರು ಹಾಯಿಸಲು ಹೋದ ಮನೆಯವರೇ ಬಲಿಯಾದದ್ದುಂಟು. ಲೈನಿಗೆ ಕದ್ದು ಕೊಕ್ಕೆ ಹಾಕುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯಂತೆ ಕಳ್ಳತನ. ಮೂರು ವರ್ಷದವರೆಗೆ ಸಜೆಯಾಗಬಹುದು. ಮೀಟರಿನ ಮೂಲಕವೇ ಎಳೆದರೂ ಪ್ರಾಣಾಪಾಯ ಅಷ್ಟೇ.

ಶಾಲೆಗೆ ಹೋಗುವ ದಾರಿಯಲ್ಲಿ ಯಾವ ತೋಟಕ್ಕೆ ಎಂಥ ಬೇಲಿಯಿದೆ ಎಂದು ಪಾಲಕರು ವಿಚಾರಿಸಿಕೊಳ್ಳಲಿ. ಎಚ್ಚರಿಕೆಯ ಫಲಕ ಇರಲಿ, ಇಲ್ಲದಿರಲಿ, ಗೊತ್ತಿಲ್ಲದ ಬೇಲಿಯನ್ನು ಮಕ್ಕಳು ಮುಟ್ಟಬಾರದು. ಯಾರಾದರೂ ತಂತಿಗೆ ಸಿಕ್ಕಿಕೊಂಡಿದ್ದರೆ ಅವರನ್ನು ಹಿಡಿದೆಳೆಯಲು ಹೋಗಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಅದು ಎಲ್ಲಿದೆಯೆಂದು ತಿಳಿಯದಿದ್ದರೆ ದೂರ ನಿಂತು ದೊಡ್ಡವರನ್ನು ಕೂಗಿ, ವಿದ್ಯುತ್ ಕಂಪೆನಿಯ 1912ಕ್ಕೆ ಫೋನ್ ಮಾಡಿ.